ಜೂನ್ ಒಂದರ ಅಡಿವೆವ್ವ

‘ಈ ಹೆಸರಿನ ಜೊತೆಗೆ ಇದಕ್ಕೆ ಸೇರಿದ ಒಂದು ಮಗ್ಗ, ಇನ್ನೂರ ಹನ್ನೆರಡು ಸೀರೆಗಳ ದಾಖಲೆಯೂ ಅಳಿಸಿಹೋಗುತ್ತದೆ. ಅಳಿಸಲೇ?’ ಎಂದು ಕಂಪ್ಯೂಟರ್ ಕೇಳಿದಾಗ ರೂಪಾಳ ಬೆರಳು ಮೌಸಿನ ಮೇಲೆ ಹಾಗೇ ನಿಂತಿತು. ಗಜೇಂದ್ರಗಡದ ನೇಕಾರರ ಸಂಘದ ಪಟ್ಟಿಯಲ್ಲಿ ಎರಡೆರಡು ಸಲ ಬಂದ ಹೆಸರುಗಳನ್ನು ಬೆಳಿಗ್ಗೆಯಿಂದ ಹುರುಪಿನಿಂದ ಕಿತ್ತುಹಾಕುತ್ತಿದ್ದಳು. ಇಲ್ಲಿಯೂ ಎಲ್ಲ ಒಂದೇ: ಅಡಿವೆವ್ವ, ಅದೇ ಮನೆ ನಂಬರು, ಹುಟ್ಟಿದ್ದೂ ಅದೇ ವರ್ಷದ ಅದೇ ಜೂನ್ ಒಂದು. ಆದರೆ ಅಷ್ಟು ಸೀರೆಗಳನ್ನು ಯಾರೋ ಕೂತು ನೇಯ್ದಿರಬೇಕಲ್ಲ!

ನೂಲು ಒಯ್ಯಲು ಬಂದವರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. "ಅಡಿವೆವ್ವ ಅಕ್ಕಾರ, ಒಂಚೂರು ಒಳಗ ಬರ್ರಿ," ಎಂದು ರೂಪಾ ಕೂಗಿದಳು. ಇಬ್ಬರು ಹೆಂಗಸರು ಒಳಗೆ ಬಂದರು.

"ಇಬ್ರೊಳಗ ಅಡಿವೆವ್ವ ಯಾರ್ರಿ?"

"ಇಬ್ರೂ ಹೌದವಾ," ಎಂದಳು ಎತ್ತರದವಳು. "ನಮ್ಮ ಅಪ್ಪಗೋಳು ಅಣ್ಣತಮ್ಮಂದ್ರು. ಇಬ್ರೂ ಮಗಳಿಗೆ ತಮ್ಮ ಅವ್ವನ ಹೆಸರ ಇಟ್ರು. ಆಮ್ಯಾಲ ಒಂದ ಮನಿಯ ಅಣ್ಣತಮ್ಮಂದ್ರಿಗೆ ನಮ್ಮನ್ನ ಕೊಟ್ರು."

"ಹುಟ್ಟಿದ ದಿನಾನೂ ಒಂದ ಏನ್ರಿ?"

"ಅದು ಸಾಲಿ ಮಾಸ್ತರು ಬರದದ್ದು. ಅವ್ರ ಪ್ರಕಾರ ಊರಿನ ಹುಡುಗ್ರೆಲ್ಲಾ ಜೂನ್ ಒಂದಕ್ಕ ಹುಟ್ಯಾರ!"

ರೂಪಾ ನಗುತ್ತ ‘ಬೇಡ’ ಒತ್ತಿ, ಆಗಲಿದ್ದ ಅನಾಹುತವನ್ನು ಹೇಳಿದಳು. ಗಿಡ್ಡವಳು ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಚಲೋ ಆತು ಬಿಡವಾ. ಈಗ ಅತ್ತಿ ಕರದ್ರ, ಅಕಿನ್ನ ಕರದಾರ ಅಂತ ಇಬ್ರೂ ಸುಮ್ಮ ಕುಂದರತೀವಿ. ಇಕಿನ್ನ ಅಳಿಸಿದ್ದಿ ಅಂದ್ರ ಎಲ್ಲಾದಕ್ಕೂ ನಾನ ಓಡಬೇಕಾಗತಿತ್ತು!"