ಸಾಹೇಬರ ಬಳಚು

ಹೊಳೆಯ ಕೆಸರಿನಲ್ಲಿ ಸೀಸದ ವಿಷ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು. ಅದೇ ಕೆಸರಿನಲ್ಲಿ ಬೆಳೆಯುವ, ಊರವರು ದಿನಾ ತಿನ್ನುವ ಬಳಚು ಎಂಬ ಚಿಪ್ಪುಮೀನಿನಲ್ಲಿ ಮಾತ್ರ ಅದರ ಸುಳಿವೇ ಇಲ್ಲ. ಪ್ರಯೋಗಾಲಯದ ಅಧಿಕಾರಿ ಯಂತ್ರವನ್ನು ಎರಡು ಸಲ ರಿಪೇರಿ ಮಾಡಿಸಿದ, ಸಹಾಯಕರ ಮೇಲೆ ಹರಿಹಾಯ್ದ. ಏನೂ ಬದಲಾಗಲಿಲ್ಲ. ‘ತಿನ್ನಲು ಯೋಗ್ಯ’ ಎಂಬ ಹನ್ನೊಂದನೆಯ ವರದಿಗೆ ಸಹಿ ಹಾಕಲು ಹೋದವನಿಗೆ ಕೈ ಬರಲಿಲ್ಲ. ಪೆನ್ನು ಮುಚ್ಚಿಟ್ಟು, ಪ್ರತಿ ತಿಂಗಳು ಮಾದರಿ ಹೆಕ್ಕಿಕೊಡುವ ಬೀರಮ್ಮನ ಮನೆಗೆ ಸೀದಾ ಹೋದ.

ಅವಳು ಒಲೆಯ ಮುಂದಿದ್ದಳು. ಮೊಮ್ಮಗಳು ಅನ್ನಕ್ಕೆ ಬಳಚಿನ ಸಾರು ಕಲಸಿಕೊಂಡು ಉಣ್ಣುತ್ತಿದ್ದಳು.

"ಬೀರಮ್ಮ, ನಮಗೆ ಕೊಡುವ ಬಳಚು ಇಲ್ಲೇ, ಕಾರ್ಖಾನೆ ನೀರು ಬೀಳುವಲ್ಲೇ ಹೆಕ್ಕಿದ್ದು ತಾನೆ?"

ಅವಳು ನಾಲಿಗೆ ಕಚ್ಚಿಕೊಂಡಳು. "ಛೇ ಛೇ, ಎಂತಾ ಮಾತು ಸಾಹೇಬ್ರೆ! ಅಷ್ಟು ದೂರದಿಂದ ಬಂದವ್ರಿಗೆ ಆ ಹೊಲಸು ಕೊಡೂಕೆ ಆಗ್ತದ್ಯಾ? ನಿಮ್ಗೆ ಅಂತ್ಲೇ ನನ್ ತವರುಮನೆ ಹೊಳೆಯಿಂದ ತರಸ್ತೆ."

"ಮತ್ತೆ ಇಲ್ಲಿಯದು?"

ಮೊಮ್ಮಗಳ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತ ಬೀರಮ್ಮ ಹೇಳಿದಳು:

"ಅದು ನಮ್ ಮನೆ ಖರ್ಚಿಗೆ. ತಿನ್ಬಹುದು ಅಂತ ನೀವೇ ಬರ್ದು ಕೊಡ್ತೀರಲ್ಲ!"