ಎಲ್ಲ ಕವಚಕ್ಕೆ

"ಎಲ್ಲ ಪಾಯಿಂಟೂ ಕವಚಕ್ಕೆ ಹಾಕ್ಬಿಡು ಅಕ್ಕ," ಎಂದ ತಮ್ಮ. ಆಸ್ಪತ್ರೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಎಡಗೈಗೆ ಮೊಣಕೈವರೆಗೂ ಬಿಳಿ ಕಟ್ಟು. ಅದರೊಳಗೆ ಉಳಿದಿದ್ದುದು ಹೆಬ್ಬೆರಳೊಂದೇ.

ಅಕ್ಕ ಅವನ ಫೋನ್ ಹಿಡಿದು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ತಗಡು ಒತ್ತುವ ಅಕ್ಕಪಕ್ಕದ ಪ್ರೆಸ್ ಮೆಷಿನ್ನಿನವರು. ಊಟದ ಬಿಡುವಿನಲ್ಲಿ ಒಂದೇ ಆನ್‌ಲೈನ್ ಆಟದ ಜೋಡಿ. ಅವನು ಎರಡು ಕತ್ತಿಯ ಯೋಧ, ಅವಳು ಮಂತ್ರ ಹಾಕುವವಳು. ಲೆವೆಲ್ ಏರಿದಾಗಲೆಲ್ಲ ಸಿಗುವ ಪಾಯಿಂಟನ್ನು ಏಟಿನ ವೇಗಕ್ಕೆ ಹಾಕಬೇಕೋ, ಮೈಕಾಯುವ ಕವಚ ಮಂತ್ರಕ್ಕೋ ಎಂಬ ಮಾತು ಬಂದರೆ ಸಾಕು, ಇಬ್ಬರಿಗೂ ಎಣ್ಣೆ ಸೀಗೆಕಾಯಿ.

"ಈಗ ಬುದ್ಧಿ ಬಂತಾ? ಕವಚ ಕಟ್ಟೋಕೆ ನಿಂತ್ಕೋಬೇಕು, ಅಷ್ಟರಲ್ಲಿ ನಾಕು ಏಟು ಹಾಕ್ತೀನಿ ಅಂತ ನನ್ನ ತಲೆ ತಿಂತಿದ್ದೆಯಲ್ಲೋ!"

"ಶತ್ರು ಬಿದ್ದೇ ಹೋದ್ರೆ ಕವಚ ಯಾಕೆ ಅನ್ಕೊಂಡಿದ್ದೆ."

"ಬೀಳದಿದ್ರೆ?"

ತಮ್ಮ ಕಟ್ಟು ಹಾಕಿದ ಕೈಯನ್ನು ಮಡಿಲಿಗೆ ಎಳೆದುಕೊಂಡ.

ಪ್ರೆಸ್ಸಿಗೆ ಎರಡು ಗುಂಡಿ, ಒಂದೊಂದು ಕೈಗೆ ಒಂದೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಯಾವ ಕೈಯೂ ಇರುವುದಿಲ್ಲ ಎಂಬುದು ಮಾಡಿದವರ ಲೆಕ್ಕ. ಆದರೆ ಹಾಗೆ ಹೋದರೆ ಕೆಲಸ ಆಮೆ ನಡಿಗೆ, ಬೆನ್ನ ಹಿಂದೆ ಮೇಲ್ವಿಚಾರಕನ "ಬೇಗ, ಬೇಗ". ಅದಕ್ಕೇ ಎಲ್ಲರೂ ಮಾಡುವುದನ್ನೇ ತಮ್ಮನೂ ಮಾಡಿದ್ದ. ಎಡಗಡೆಯ ಗುಂಡಿಗೆ ಮರದ ಬೆಣೆ ಬಡಿದು, ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿ, ಬಿಡುವಾದ ಎಡಗೈಯಿಂದ ತಗಡು ತಳ್ಳುತ್ತಿದ್ದ. ಅವತ್ತು ಬಲಗೈ ಆತುರಪಟ್ಟಿತು. ಮೇಲ್ವಿಚಾರಕನಿಗೆ ಆ ಬೆಣೆಗಳು ಕಾಣುತ್ತಿರಲಿಲ್ಲವೇ? ಚೆನ್ನಾಗಿಯೇ ಕಾಣುತ್ತಿದ್ದವು. ಆ ಮಹಾಶಯನಿಗೆ ಜಾಣಕುರುಡು.

ಅಕ್ಕ ವೇಗದ ಪಾಯಿಂಟುಗಳನ್ನೆಲ್ಲ ಅಳಿಸಿದಳು. ಆಟದಲ್ಲಿ ಅದಕ್ಕೆ ಅವಕಾಶವಿತ್ತು. ಎಲ್ಲವನ್ನೂ ಕವಚಕ್ಕೆ ಏರಿಸಿದಾಗ ಯೋಧನ ಸುತ್ತ ನೀಲಿ ಬೆಳಕು ಆವರಿಸಿತು. ಅವಳು ಪರದೆಯನ್ನು ಅವನತ್ತ ತಿರುಗಿಸಿದಳು.

"ತಗೋ. ಇನ್ನು ಆನೆ ತುಳಿದ್ರೂ ಸಾಯಲ್ಲ ನಿನ್ನ ಸಿಪಾಯಿ. ಇರುವೆ ಕೊಲ್ಲೋಕೂ ಆಗಲ್ಲ ಅಷ್ಟೆ."

ತಮ್ಮ ನಗಲು ಹೋದ, ಆಗಲಿಲ್ಲ. "ಅಕ್ಕ, ನಿನ್ನ ಮೆಷಿನ್ನಿಗೂ ಬೆಣೆ ಇದೆಯಲ್ಲ?"

"ಇದೆ."

"ಇವತ್ತೇ ಕಿತ್ತು ಹಾಕು, ನನ್ನಾಣೆ. ಬೈದ್ರೆ ಬೈಸ್ಕೋ. ನಿನ್ನ ಕೈಗೂ ಏನಾದ್ರೂ ಆದ್ರೆ..." ಅವನ ಕಣ್ಣು ತುಂಬಿತು.

"ನಿನಗೆ ಹೀಗಾದ ದಿನವೇ ಕಿತ್ತೆಸೆದಿದ್ದೆ ಕಣೋ. ನಿನ್ನೆ ಮತ್ತೆ ಹಾಕಿದೆ."

"ನಿಂಗೇನು ತಲೆ ಕೆಟ್ಟಿದೆಯಾ?"

ಎರಡನೇ ಪಾಳಿಗೆ ಹೊತ್ತಾಗಿತ್ತು. ಅಕ್ಕ ಫೋನನ್ನು ಅವನ ದಿಂಬಿನ ಪಕ್ಕ ಇಟ್ಟು, ಹೊದಿಕೆ ಸರಿಮಾಡಿ ಎದ್ದಳು.

"ನೀನು ವಾಪಸ್ ಬರೋವರೆಗೂ ನಿನ್ನ ಮೆಷಿನ್ನೂ ನನಗೇ ಕೊಟ್ಟಿದ್ದಾರೆ," ಎಂದಳು. "ಈಗ ಒಂದೊಂದು ಮೆಷಿನ್ನಿಗೆ ಒಂದೊಂದೇ ಕೈ."