ಇಬ್ಬರು ಚಂದ್ರರ ಊರಿನ ಬಾವಿ

ನಮ್ಮೂರ ಕಥಾಮನೆಯಲ್ಲಿ ಯಾರೂ ಕಥೆ ಹೇಳುವುದಿಲ್ಲ. ಜನ ಸಾಲಾಗಿ ಕೂತು ಕಣ್ಣು ಮುಚ್ಚಿದರೆ ಸಾಕು, ಅವರ ಮನಸ್ಸುಗಳೆಲ್ಲ ಸೇರಿ ಒಂದು ಹೊಸ ಲೋಕ ಎದ್ದು ನಿಲ್ಲುತ್ತದೆ. ಎಲ್ಲರೂ ಅದರೊಳಗೆ ಓಡಾಡಿ ಬರುತ್ತಾರೆ.

ಆ ಭಾನುವಾರ ಎದ್ದ ಲೋಕಕ್ಕೆ ಇಬ್ಬರು ಚಂದ್ರರು. ಹುಲ್ಲು ನೀಲಿ, ಬಂದವರಿಗೆಲ್ಲ ರೆಕ್ಕೆ. ಶಾಲೆಯ ಟೀಚರ್ ಹುಲಿಗೆಮ್ಮಳಿಗೂ ರೆಕ್ಕೆ ಬಂದಿತ್ತು. ಆದರೆ ಪ್ರತಿ ಸಲದಂತೆ ಅವಳು ನಿಂತದ್ದು ಬಾವಿಯಿಂದ ದೂರದಲ್ಲಿ, ಖಾಲಿ ಕೊಡ ಹಿಡಿದು, ಯಾರಾದರೂ ನೀರು ಹೊಯ್ದಾರೆಂದು ಕಾಯುತ್ತ. ಹಿಂದೆ ಊರ ಬಾವಿಯ ಬಳಿ ಅವಳ ಅಜ್ಜಿ ನಿಲ್ಲುತ್ತಿದ್ದ ಹಾಗೆಯೇ.

ಹಿಂದಿನ ವಾರ ಕಥಾಮನೆಯ ಮಾಲೀಕ ಶರಣಪ್ಪನನ್ನು ಇದೇಕೆ ಹೀಗೆಂದು ಕೇಳಿದ್ದಳು. "ನಾ ಏನ್ ಮಾಡ್ಲಿರಿ ಟೀಚರ್? ಕೂತ ಮಂದಿ ಮನಸ್ಸಿನ್ಯಾಗ ಇದ್ದದ್ದ ಬರ್ತೈತಿ," ಎಂದಿದ್ದ.

ಈ ಸಲ ಅವಳು ಕಾಯುವುದು ಬಿಟ್ಟು ನೇರವಾಗಿ ಬಾವಿಗೆ ನಡೆದಳು.

"ಅಯ್ಯ, ಮುಟ್ಟಬ್ಯಾಡ!" ಕೂಗಿದವಳು ಗಿರಿಜಕ್ಕ, ಶಾಲೆಯಲ್ಲಿ ದಿನಾ ಅವಳ ಬುತ್ತಿಯ ರೊಟ್ಟಿ ತಿನ್ನುವ ಗೆಳತಿ. ಕೂಗಿದ ಮೇಲೆ ಗಾಬರಿಯಾಗಿ ತಾನೇ ಬಾಯಿ ಮುಚ್ಚಿಕೊಂಡಳು.

"ನಾನೂ ಕೂತೀನಿ ಅಕ್ಕಾರ. ಈ ಲೋಕದಾಗ ನನ್ನ ಮನಸ್ಸೂ ಐತಿ," ಎಂದು ಹುಲಿಗೆಮ್ಮ ಹಗ್ಗ ಇಳಿಬಿಟ್ಟಳು.

ಸುಮಾರು ಜನ ಸಿಟ್ಟಿನಿಂದ ಕಣ್ಣು ತೆರೆದು ಎದ್ದು ಹೋದರು. ಅವರು ಹೋದಂತೆ ಒಬ್ಬ ಚಂದ್ರ ಆರಿದ, ರೆಕ್ಕೆಗಳು ಉದುರಿದವು, ಬಾವಿಯ ಕಟ್ಟೆ ಕರಗತೊಡಗಿತು. ಕಥಾಮನೆಯ ಕುರ್ಚಿಯಲ್ಲಿ ಹುಲಿಗೆಮ್ಮ ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿದಳು. ಕಟ್ಟೆ ಗಟ್ಟಿಯಾಗಿ ನಿಂತಿತು. ಗಿರಿಜಕ್ಕ ಬಂದು ಹಗ್ಗಕ್ಕೆ ಕೈ ಹಚ್ಚಿದಳು.

"ಟೈಮ್ ಮುಗೀತು, ಕಣ್ಣು ತೆಗೀರಿ," ಶರಣಪ್ಪನ ದನಿ ಹೊರಗಿನಿಂದ ಕೇಳಿತು.

"ನನ್ನ ಕೊಡ ಇನ್ನೂ ತುಂಬಿಲ್ಲ," ಎಂದಳು ಹುಲಿಗೆಮ್ಮ.